ಹಂಚಿನ ಮೇಲೆ ಬೆಂದ ಒರೆ

ನನ್ನ ಹೆಂಡತಿ ಹುಲಿಗೆವ್ವ ಪಿಸ್ತೂಲಿಗೆಂದು ತನ್ನ ಮೊದಲನೆಯ ಒರೆಯನ್ನು ಬೇಯಿಸಿದ್ದು ರೊಟ್ಟಿ ಹಂಚಿನ ಮೇಲೆ. ಬೇಯಿಸಿದ್ದು ಎಂದೇ ಹೇಳಬೇಕು, ಹೊಲಿದದ್ದು ಎನ್ನಲು ಬಾರದು. ಮೂರು ತಲೆಮಾರಿನಿಂದ ಒರೆ ಹೊಲಿಯುವ ಮನೆಯಲ್ಲಿ ಸೂಜಿ ಮುಟ್ಟದೆ, ದಾರ ಪೋಣಿಸದೆ, ಒಂದು ತುಂಡು ತೊಗಲೂ ಇಲ್ಲದೆ ಅವಳು ಒರೆ ಮಾಡಿ ನನ್ನ ಮುಂದೆ ಇಟ್ಟಳು. ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. "ನೋಡು ಮಾವ, ಹೆಂಗೈತಿ?" ಎಂದಳು. ನೋಡಿದೆ. ಚೆನ್ನಾಗಿತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗಲೇ. "ನಾಯಿ ಮುಸುಡಿ ಇದ್ದಂಗೈತಿ" ಅಂದೆ.

ನಮ್ಮೂರ ಮೇಲ್ಕೇರಿಯಲ್ಲಿ ಗಂಡು ಕೂಸು ಹುಟ್ಟಿದರೆ ಹನ್ನೆರಡನೇ ದಿನ ತೊಟ್ಟಿಲ ಕೆಳಗೆ ಒಂದು ಪಿಸ್ತೂಲು ಇರುತ್ತದೆ. ಕಿರುಬೆರಳಿನಷ್ಟು. ಕೂಸು ಬೆಳೆದಂತೆ ಅದೂ ಬೆಳೆಯುತ್ತದೆ. ಕೂಸಿಗೆ ಗಡ್ಡ ಮೀಸೆ ಬಂದು ಬೆಳವಣಿಗೆ ನಿಂತ ಮೇಲೂ ಅದರದು ನಿಲ್ಲುವುದಿಲ್ಲ. ಎದುರಿಗೆ ಬಂದವರು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದಷ್ಟೂ, ತಲೆಯ ಮೇಲಿನ ಟವೆಲ್ಲು ಕಂಕುಳಿಗೆ ಇಳಿದಷ್ಟೂ ಅದಕ್ಕೆ ಮೈ ಬರುತ್ತದೆ. ಮೇಲ್ಕೇರಿಯ ದೊಡ್ಡ ವಾಡೆಯ ಅಮರೇಧಣಿಯ ತಂದೆ ಸಾಯುವ ಹೊತ್ತಿಗೆ ಅವನ ಪಿಸ್ತೂಲನ್ನು ಎತ್ತಿನ ಬಂಡಿಯ ಮೇಲೆ ಹೇರಿಕೊಂಡು ಅವನ ಹಿಂದೆ ಹಿಂದೆ ಒಯ್ಯುತ್ತಿದ್ದರು. ಆ ಒರೆಗೆ ಎರಡು ಎಮ್ಮೆಯ ತೊಗಲು ಹಿಡಿಯಿತೆಂದು ನನ್ನಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ನಮ್ಮ ಕೆಳಕೇರಿಯ ತೊಟ್ಟಿಲುಗಳ ಕೆಳಗೆ ಏನೂ ಹುಟ್ಟುವುದಿಲ್ಲ. ಮೇಲ್ಕೇರಿಯವರ ಪಿಸ್ತೂಲು ಬೆಳೆದಾಗೆಲ್ಲ ಹೊಸ ಒರೆ ಮಾಡಿಕೊಡುವ ಕೆಲಸ ಮಾತ್ರ ನಮಗೆ ಹುಟ್ಟುತ್ತದೆ.

ನಮ್ಮವರು ಪಿಸ್ತೂಲು ಮುಟ್ಟುವಂತಿಲ್ಲ. ಮುಟ್ಟದೆ ಅಳತೆ ಹೇಗೆ? ನೆತ್ತಿಯ ಮೇಲೆ ಬಿಸಿಲಿರುವಾಗ ಧಣಿ ತನ್ನ ಅಂಗಳದಲ್ಲಿ ಪಿಸ್ತೂಲನ್ನು ಅಡ್ಡಲಾಗಿ ಹಿಡಿದು ನಿಲ್ಲುತ್ತಾನೆ. ನಾವು ಅದರ ನೆರಳಿಗೆ ತೊಗಲು ಹಾಸಿ, ಕುಕ್ಕರಗಾಲಲ್ಲಿ ಕೂತು, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತೇವೆ. ಧಣಿಯ ಕೈ ಅಲುಗಿದರೆ ಅಳತೆ ಅತ್ತಿತ್ತ ಆಗುತ್ತದೆ, ತೊಗಲು ಅದನ್ನು ಸಹಿಸಿಕೊಳ್ಳುತ್ತದೆ. ತೊಗಲಿನದು ಹಿಗ್ಗುವ ಗುಣ. ಒಳಗಿನದು ಬೆಳೆದಂತೆ ತಾನೂ ಜಾಗ ಕೊಡುತ್ತ ಎರಡು ವರ್ಷ ತಳ್ಳುತ್ತದೆ. ಗಾಳೆಪ್ಪನ ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಮೇಲ್ಕೇರಿಯವರು ಹೇಳುತ್ತಿದ್ದರು. ಆ ಗಾಳೆಪ್ಪ ನಾನು. ಆ ಒಂದು ಮಾತಿನ ಮೇಲೆ ಹದಿನೈದು ವರ್ಷ ಬದುಕಿದೆ. ನೆರಳು ಮುಟ್ಟಲು ಬಿಟ್ಟದ್ದನ್ನೇ ಮರ್ಯಾದೆ ಅಂದುಕೊಂಡಿದ್ದೆ. ನಗುವವರು ನಗಬಹುದು.

ಹಾಗೆಂದು ನಾನು ಓದು ಬಾರದವನಲ್ಲ. ಕೆಳಕೇರಿಯ ಬೇವಿನ ಕಟ್ಟೆಯಲ್ಲಿ ಪ್ರತಿ ಭಾನುವಾರ ಹತ್ತು ಹನ್ನೆರಡು ಮಂದಿ ಕೂಡಿ ಓದುತ್ತೇವೆ. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಜಗಳವಾಡುವುದು. ಓದುವವನು ಹೆಚ್ಚಾಗಿ ನಾನೇ. ಪಿಸ್ತೂಲು ಮೇಲ್ಕೇರಿಯಲ್ಲೇ ಯಾಕೆ ಹುಟ್ಟುತ್ತದೆ, ಅದನ್ನು ಇಳಿಸುವುದು ಹೇಗೆ ಎಂದು ಹತ್ತು ವರ್ಷ ಭಾನುವಾರ ಮಾತಾಡಿದ್ದೇನೆ. ಸೋಮವಾರ ಹೋಗಿ ಅದಕ್ಕೆ ಒರೆ ಹೊಲಿದಿದ್ದೇನೆ. ಹೋದ ವರ್ಷ ಕಟ್ಟೆಯಲ್ಲಿ ಒಂದು ತೀರ್ಮಾನ ಮಾಡಿದೆವು: ಮೇಲ್ಕೇರಿಯ ಸತ್ತ ದನವನ್ನು ಇನ್ನು ನಾವು ಎಳೆಯುವುದಿಲ್ಲ. ಗೆಳೆಯ ಕೆಂಚಪ್ಪ ಕಣ್ಣೀರು ಹಾಕಿ ನನ್ನನ್ನು ತಬ್ಬಿಕೊಂಡ. ಮನೆಗೆ ಬಂದು ಹುಲಿಗೆವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈ ಕೊಡವಿಕೊಂಡು, "ಚಲೋ ಆತು ಬಿಡು. ಎಂದೋ ಮಾಡಬೇಕಿತ್ತು. ಮತ್ತ ಒರೆಗೆ ತೊಗಲು ಎಲ್ಲಿಂದ ತರ್ತಿ?" ಎಂದಳು.

"ನೋಡೂಣಂತ."

"ನೋಡಕೋಂತ ಕುಂದರು. ಅಲ್ಲಿತನಕ ಆ ತೀರ್ಮಾನಾನ ಹಂಚಿನ ಮ್ಯಾಲ ಹಾಕಿ ಬೇಸ್ಲೇನು?"

ತೀರ್ಮಾನ ಹಾಕಲಿಲ್ಲ, ಪೈಪು ಹಾಕಿದಳು. ಕೆಟ್ಟು ನಿಂತ ಬೋರ್‌ವೆಲ್ಲಿನ ಹತ್ತಿರ ಬಿದ್ದಿದ್ದ ದಪ್ಪ ಪ್ಲಾಸ್ಟಿಕ್ ಪೈಪನ್ನು ಗರಗಸದ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹಂಚಿನ ಮೇಲೆ ಕಾಯಿಸಿ, ಮೆತ್ತಗಾದಾಗ ಬೀಸುವ ಕಲ್ಲಿನಡಿ ಇಟ್ಟು ಹಾಳೆ ಮಾಡಿದಳು. ಅಚ್ಚಿಗೆ ಅವಳು ನೆರಳನ್ನು ನಂಬಲಿಲ್ಲ. ಹದಗೊಳಿಸಿದ ಜೇಡಿಮಣ್ಣನ್ನು ಹಲಗೆಯ ಮೇಲೆ ತಟ್ಟಿ ನಮ್ಮ ಅಂಗಳದ ಅಂಚಿಗೆ ಇಡುತ್ತಿದ್ದಳು. "ನಾವೇನು ಮುಟ್ಟಂಗಿಲ್ಲಲ್ರೀ. ನೀವ ಒತ್ತಿ ಕೊಡ್ರಿ" ಎನ್ನುತ್ತಿದ್ದಳು. ಧಣಿಗಳು ತಮ್ಮ ಕೈಯಾರೆ ಪಿಸ್ತೂಲಿನ ಎರಡೂ ಮಗ್ಗುಲನ್ನು ಮಣ್ಣಿಗೆ ಒತ್ತಿ, ಮಣ್ಣು ಒರೆಸಿಕೊಂಡು ಹೋಗುತ್ತಿದ್ದರು. ಆ ಗುಳಿ ಒಣಗಿದ ಮೇಲೆ ಅದರೊಳಗೆ ಮತ್ತೆ ಮಣ್ಣು ತುಂಬಿ ಮಣ್ಣಿನ ಪಿಸ್ತೂಲು ತೆಗೆಯುವಳು. ಅದೂ ಒಣಗಬೇಕು. ಆಮೇಲೆ ಹಾಳೆಯನ್ನು ಹಂಚಿಗೆ ಹಾಕಿ, ಅಂಚು ಬಾಡಿದ ಎಲೆಯಂತೆ ಜೋತುಬಿದ್ದ ಕೂಡಲೆ ಇಕ್ಕಳದಿಂದ ಎತ್ತಿ ಮಣ್ಣಿನ ಪಿಸ್ತೂಲಿಗೆ ಹೊದಿಸಿ, ಮೇಲೊಂದು ಕೆಳಗೊಂದು ಹಳೇ ಬಸ್ಸಿನ ಸೀಟಿನ ಸ್ಪಂಜು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅವಳು. ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುವಳು. ಎಲೆಯ ರಸ ಬಾಯಲ್ಲಿ ಇಳಿಯುವ ಹೊತ್ತಿಗೆ ಒರೆ ಕಲ್ಲಾಗಿರುತ್ತಿತ್ತು. ಅಂಚನ್ನು ಕಲ್ಲಿಗೆ ತಿಕ್ಕಿ, ಬೆಲ್ಟಿನ ಪಟ್ಟಿಗೆ ಚಪ್ಪಲಿಯ ರಿವೆಟ್ಟು ಬಡಿದರೆ ಮುಗಿಯಿತು.

ಅವಳ ಒರೆಗೆ ಒಂದು ಸದ್ದಿತ್ತು. ಪಿಸ್ತೂಲು ಒಳಗೆ ಕೂರುವಾಗ ಟಕ್ ಅನ್ನುತ್ತಿತ್ತು. ನನ್ನ ತೊಗಲು ಎಂದೂ ಸದ್ದು ಮಾಡಿದ್ದಿಲ್ಲ. ಮೇಲ್ಕೇರಿಯವರು ಆ ಸದ್ದಿಗೆ ಮರುಳಾದರು. ಚಾದಂಗಡಿಯ ಮುಂದೆ, ಸೊಸೈಟಿಯ ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ಅರ್ಧ ಬೆರಳು ಎಳೆದು ಒಳಗೆ ಒತ್ತುವುದು, ಟಕ್. ಕಟ್ಟಿಗೆ ಅಡ್ಡೆಯ ಬಸವಂತಧಣಿ ಮೊದಲು ನಮ್ಮ ಬೇಲಿಯ ಹತ್ತಿರ ಬಂದರೆ "ಗಾಳ್ಯಾ" ಎಂದು ಕೂಗುತ್ತಿದ್ದವನು, ಈಗ ನನ್ನ ಮುಖದ ಮೇಲಿಂದ ಕಣ್ಣು ದಾಟಿಸಿ "ಹುಲಿಗೆವ್ವ ಅದಾಳೇನು?" ಎನ್ನತೊಡಗಿದ. ಕಟ್ಟೆಯಲ್ಲಿ ಕೆಂಚಪ್ಪ, "ಹುಲಿಗೆವ್ವನ ಗಂಡ ಬಂದ, ಜಾಗಾ ಬಿಡ್ರಪ್ಪೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಬಂದು ಅವಳು ಮಾಡಿದ ಪಲ್ಯದಲ್ಲಿ ಉಪ್ಪಿಲ್ಲವೆಂದು ತಟ್ಟೆ ಸರಿಸಿದೆ. ಉಪ್ಪು ಇತ್ತು.

ಅವಳು ಬಟ್ಟೆ ತೊಳೆಯಲು ಹಳ್ಳಕ್ಕೆ ಹೋದಾಗ ಕದ್ದು ನಾನೇ ಒಂದು ಮಾಡಲು ನೋಡಿದೆ. ಎಷ್ಟಿದ್ದೀತು, ಹೆಣ್ಣುಮಗಳು ಕೂತು ಮಾಡುವ ಕೆಲಸ! ಹಾಳೆ ಜೋತುಬಿದ್ದದ್ದು ಕಾಣಲಿಲ್ಲ, ಗುಳ್ಳೆ ಎದ್ದದ್ದು ಕಂಡಿತು. ಎತ್ತಲು ಹೋದರೆ ಹಂಚಿಗೆ ಅಂಟಿ ಅಂಬಲಿಯಂತೆ ಎಳೆ ಎಳೆಯಾಗಿ ಬಂತು. ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದೆ, ಬೂದಿ ಹಾಕಿ ತಿಕ್ಕಿದೆ. ಅವಳು ಬಂದು ಹಂಚನ್ನು ನೋಡಿದಳು, ನನ್ನ ಬೆರಳಿನ ಬೊಬ್ಬೆಗಳನ್ನು ನೋಡಿದಳು. ಒಂದು ಮಾತು ಅಂದಿದ್ದರೆ ನಾನು ಜಗಳ ತೆಗೆದು ಹಗುರಾಗುತ್ತಿದ್ದೆ. ಬೆಣ್ಣೆ ತಂದು ನನ್ನ ಬೆರಳಿಗೆ ಸವರಿದಳು. ಅವಳ ಬೆರಳುಗಳ ತುಂಬ ಅಂಥವೇ ಹಳೆಯ ಕಲೆಗಳಿದ್ದವು. ಆ ಕಲೆಗಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನನ್ನ ಸ್ಥಿತಿ ತಿಳಿದುಕೊಳ್ಳಿ.

ಅವಳ ಕೆಲಸದಲ್ಲಿ ಊನ ಹುಡುಕುವುದೇ ನನ್ನ ಕೆಲಸವಾಯಿತು. ಊನ ಸಿಕ್ಕಂತೆಯೂ ಆಯಿತು. ಮೂರು ತಿಂಗಳಿಗೊಮ್ಮೆ ಮೇಲ್ಕೇರಿಯವರು ಮತ್ತೆ ಬರುತ್ತಿದ್ದರು. "ಒರೆ ಸಡ್ಲಾಗೇತಿ, ಪಿಸ್ತೂಲು ಒಳಗ ಗಡಗಡ ಅಂತೈತಿ" ಎಂದು ಇನ್ನೊಮ್ಮೆ ಮಣ್ಣಿಗೆ ಒತ್ತಿ ಹೋಗುತ್ತಿದ್ದರು. ಪ್ಲಾಸ್ಟಿಕ್ಕು ಎಲ್ಲಾದರೂ ಸಡಿಲಾಗುತ್ತದೆಯೇ? ಒಂದು ಮಧ್ಯಾಹ್ನ ಬಸವಂತಧಣಿ ಮಣ್ಣಿಗೆ ಒತ್ತಲೆಂದು ಪಿಸ್ತೂಲು ಹೊರಗೆಳೆದ. ನೆತ್ತಿಯ ಮೇಲೆ ಸೂರ್ಯ. ನೆರಳು ನಮ್ಮ ಅಂಗಳದ ಮೇಲೆ ಬಿತ್ತು. ಹದಿನೈದು ವರ್ಷ ನೆರಳಿಗೇ ಗೆರೆ ಎಳೆದ ಕಣ್ಣು ಇದು. ಎರಡು ಬೆರಳು ಗಿಡ್ಡ! ಅವನು ಹೋದ ಮೇಲೆ ಅಟ್ಟ ಹತ್ತಿ, ಅವನ ಪಿಸ್ತೂಲಿಗೆಂದು ನಾನು ಹಿಂದೆ ಕತ್ತರಿಸಿಟ್ಟಿದ್ದ ಮಾದರಿ ತಂದು, ಹುಲಿಗೆವ್ವನ ಮಣ್ಣಿನ ಗುಳಿಯ ಮೇಲೆ ಇಟ್ಟೆ. ಮಾದರಿ ಎಲ್ಲ ಕಡೆಯಿಂದಲೂ ಹೊರಗೆ ಚಾಚಿತು.

"ಹುಲಿಗಿ, ಇದೇನು?"

ಅವಳು ಬಾಗಿಲು ಎಳೆದು ಮುಚ್ಚಿದಳು. "ಮಣ್ಣು ಒಣಗಿದ್ರ ಕುಗ್ಗತೈತಿ ಮಾವ. ಗುಳಿ ಒಮ್ಮೆ ಕುಗ್ಗತೈತಿ, ಅದರಾಗಿನ ಮಣ್ಣಿನ ಪಿಸ್ತೂಲು ಇನ್ನೊಮ್ಮೆ ಕುಗ್ಗತೈತಿ. ಅದರ ಮ್ಯಾಲಿನ ಒರೆ ಬಿಗಿ ಬರತೈತಿ. ಅದಕ್ಕ ಟಕ್ ಅಂತೈತಿ. ಒಳಗ ಬೆಳಿಯಾಕ ಜಾಗಾ ಇಲ್ಲಂದ್ರ ಅದಾದ್ರೂ ಏನು ಮಾಡೀತು? ಬಿಗಿಗೆ ಕುಗ್ಗಿ ಒರೆಗಿಂತ ಒಂದೀಟು ಸಣ್ಣದ ಆಗತೈತಿ. ಆಮ್ಯಾಲ ಸಡ್ಲಾತು ಅಂತ ಬರ್ತಾರ."

"ಬೇಕಂತ ಮಾಡಿದ್ಯಾ?"

"ಮೊದಲನೇದು ಗೊತ್ತಿಲ್ದ ಆತು. ಎರಡನೇದರಿಂದ ಗೊತ್ತಿದ್ದ ಮಾಡೇನಿ. ಹೊರಗಿನ ಅಂಚು ಅಗಲ ಬಿಡ್ತೀನಿ, ಸೊಂಟದ ಮ್ಯಾಲ ದೊಡ್ಡದ ಕಾಣತೈತಿ."

"ಅವ್ರಿಗೆ ಗೊತ್ತಾಗಿಲ್ಲೇನು?"

"ಒಬ್ಬೊಬ್ಬನಿಗೂ ತನ್ನದು ಗೊತ್ತೈತಿ. ಮಣ್ಣಿಗೆ ಒತ್ತುವಾಗ ಮಾರಿ ನೋಡಬೇಕು ನೀನು. ತನ್ನದೊಂದ ಸಣ್ಣಾಗೇತಿ ಅಂತ ತಿಳದಾರ. ಯಾವ ಗಂಡಸು ಬಾಯಿಬಿಟ್ಟು ಹೇಳ್ಯಾನು?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ನನಗ್ಯಾಕ ಹೇಳ್ಲಿಲ್ಲ?"

"ನೀನು ಕಟ್ಟಿ ಮ್ಯಾಲ ಭಾಷಣ ಮಾಡಾಕತ್ತಿದ್ದೆಲ್ಲ."

ಆ ಮಾತು ನಾಟಿತು. ಅವತ್ತು ನಾನು ಅವಳನ್ನು ಹೊತ್ತುಕೊಂಡು ಕೇರಿಯೆಲ್ಲ ಕುಣಿಯಬೇಕಿತ್ತು. ನಾನು ಹತ್ತು ವರ್ಷ ಕಿರುಚಿ, ಗಂಟಲು ಕಟ್ಟಿಸಿಕೊಂಡು, ಒಂದು ನೂಲಿನಷ್ಟೂ ಇಳಿಸಲಾಗದ್ದನ್ನು ಇವಳು ಅಡುಗೆಮನೆಯಲ್ಲಿ ಎಲೆಯಡಿಕೆ ಜಗಿಯುತ್ತ ಎರಡು ಬೆರಳು ಇಳಿಸಿದ್ದಳು. ಕಸುಬು ಹೋದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಈಗ ನನ್ನ ಸಿಟ್ಟನ್ನೂ ಅವಳು ಕಿತ್ತುಕೊಂಡಿದ್ದಳು, ಅದನ್ನು ನನಗಿಂತ ಚೆನ್ನಾಗಿ ಬಳಸಿದ್ದಳು. ಕಟ್ಟೆಯ ಮೇಲೆ ನಾನಿನ್ನು ಯಾವ ಬಾಯಿಂದ ಓದಲಿ? ಅವಳ ಗುಟ್ಟು ಒಡೆದರೆ ಮೇಲ್ಕೇರಿಯವರೆಲ್ಲ ತೊಗಲಿಗೆ ವಾಪಸು ಬರುತ್ತಾರೆ, ಪಿಸ್ತೂಲು ಮತ್ತೆ ಬೆಳೆಯುತ್ತದೆ, "ಗಾಳ್ಯಾ" ಎಂಬ ಕೂಗು ಮತ್ತೆ ಕೇಳಿಸುತ್ತದೆ. ಇದು ಮನಸ್ಸಿಗೆ ಬಂದದ್ದೇ ತಡ, ಮರುದಿನ ಮುಂಜಾನೆ ನನ್ನ ಕಾಲು ಅಮರೇಧಣಿಯ ವಾಡೆಯ ಹಾದಿ ಹಿಡಿದವು. ಕಾಲಿನ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನೇ ಹೋದೆ.

ಧಣಿ ವಾಡೆಯ ಜಗಲಿಯ ಮೇಲೆ ಗಡ್ಡ ಮಾಡಿಸಿಕೊಳ್ಳುತ್ತಿದ್ದ. "ಏನಲೇ ಗಾಳ್ಯಾ, ಹೇಣತಿ ಗಳಿಸಿದ್ದು ಕುಂತು ತಿಂತೀಯಂತ!" ಅಂದ. ಗುಟ್ಟಿನ ಮಾತೆಂದೆ. ಕ್ಷೌರಿಕನನ್ನು ಅರ್ಧ ಗಡ್ಡಕ್ಕೇ ಎಬ್ಬಿಸಿ ಕಳಿಸಿದ. ಮೆಟ್ಟಿಲ ಕೆಳಗೆ ನಿಂತು ಹೇಳಿದೆ: ಆ ಒರೆ ಹಾಕಿದವರ ಪಿಸ್ತೂಲು ಸಣ್ಣಾಗುತ್ತವೆ. ಕೂಗಾಡುತ್ತಾನೆ, ಒದೆಯಲು ಬರುತ್ತಾನೆ ಅಂದುಕೊಂಡಿದ್ದೆ. ಅವನ ನೊರೆ ಹಚ್ಚಿದ ಮುಖ ಮೆಲ್ಲಗೆ ಇಳಿಯಿತು. ಅತ್ತಿತ್ತ ನೋಡಿ, ಪಿಸುಮಾತಿನಲ್ಲಿ, "ಎಲ್ಲಾರದೂನೂ?" ಎಂದ.

"ಎಲ್ಲಾರದೂ ರೀ."

ಅವನು ಉಸಿರು ಬಿಟ್ಟ. ಅದರಲ್ಲಿ ಸಮಾಧಾನವೂ ಇತ್ತು. ಬೆನ್ನು ತಿರುಗಿಸಿ, ಒರೆಯಿಂದ ತೆಗೆದು, ಅಂಗೈ ಮರೆಯಲ್ಲಿ ನೋಡಿಕೊಂಡ. ಅವರಪ್ಪನದು ಬಂಡಿಯ ಮೇಲೆ ಹೋಗುತ್ತಿತ್ತು. ಇವನದು ಈಗ ಬದನೆಕಾಯಿಯಷ್ಟು. "ತೊಗಲಿಂದು ಮಾಡಿಕೊಡು. ಹಿಂದಿನಂಗ. ಎಂಟು ದಿನದಾಗ. ಯಾರ ಮುಂದೂ ಉಸುರಬ್ಯಾಡ. ಅವ್ರು ಹಂಗ ಇರ್ಲಿ, ನಂದೊಂದ ಬೆಳೀಲಿ. ನಿನ್ನಂಥಾ ಕೈ ಈ ಸೀಮ್ಯಾಗ ಇನ್ನೊಂದಿಲ್ಲಲೇ." ಆ ಮಾತು ನನ್ನ ಕಿವಿಯಲ್ಲಿ ಬೆಲ್ಲದ ಪಾಕದಂತೆ ಇಳಿಯುತ್ತಿತ್ತು, ಅಷ್ಟರಲ್ಲಿ ಅವನು ಮುಂದಿನ ಮಾತೂ ಹೇಳಿದ. "ಮದ್ಲ ಅದು ತೋಳುದ್ದ ಆಗ್ಲಿ. ಮದ್ಲನೇ ಗುಂಡು ಅಕಿ ಕೈಗೆ."

ಹಾದಿಯಲ್ಲಿ ಎರಡು ಸಲ ಕುಳಿತುಕೊಂಡೆ. ಮನೆಗೆ ಬಂದು, ಮುಚ್ಚಿಡಲಾಗದೆ, ಎಲ್ಲವನ್ನೂ ಹುಲಿಗೆವ್ವನಿಗೆ ಹೇಳಿಬಿಟ್ಟೆ. ಅವಳು ಹಾಳೆ ಕತ್ತರಿಸುತ್ತಿದ್ದಳು. ಬ್ಲೇಡು ಕೆಳಗಿಟ್ಟಳು. ಕಲೆ ತುಂಬಿದ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದಳು.

"ಈ ಕೈಯಿಗಾ?"

"ಹೂಂ."

"ನೀನ ಹೋಗಿ ತೋರ್ಸಿ ಬಂದ್ಯಾ?"

ಅವಳು ಅಳಲಿಲ್ಲ, ಬಯ್ಯಲಿಲ್ಲ. ನೀರು ಕುಡಿದು ಬಂದು ಕೂತಳು. "ಮಾಡಿಕೊಡು ಹೋಗು. ನಿನಗ ಬರೂದು ಅದೊಂದ. ತೊಗಲಾಗ ಹಿಗ್ಗೂದು ಮಾಡಬಹುದು. ಕುಗ್ಗೂದು ಮಾಡಾಕ ನಿನ್ನ ಕೈಲೆ ಆಗೂದಿಲ್ಲ, ನಿಮ್ಮಪ್ಪನ ಕೈಲೂ ಆಗತಿರಲಿಲ್ಲ" ಎಂದಳು.

ಅವಳು ಅದನ್ನು ಸಿಟ್ಟಿಗೆ ಅಂದಳೋ, ನನ್ನನ್ನು ಬಲ್ಲವಳಾಗಿ ಲೆಕ್ಕ ಹಾಕಿ ಅಂದಳೋ, ಇವತ್ತಿಗೂ ಕೇಳಿಲ್ಲ. ನನಗಂತೂ ಸಿಟ್ಟು ತಲೆಗೆ ಸುರ್ರೆಂದು ಏರಿತು. ಆಗೂದಿಲ್ಲ? ಹದ ಮಾಡಿದ ತೊಗಲು ಹಿಗ್ಗುತ್ತದೆ, ನಿಜ. ಹದ ಮಾಡದ ಹಸಿ ತೊಗಲು? ಬಾರಿಸುವ ಹಲಗೆಗೆ ಬಿಗಿಯುವ ತೊಗಲು ಏನು ಮಾಡುತ್ತದೆ? ನೆನೆಸಿ ಕಟ್ಟಿದರೆ ಒಣಗುತ್ತ ಒಣಗುತ್ತ ಮರದ ಬಳೆಯನ್ನೇ ಸೊಟ್ಟ ಮಾಡುವಷ್ಟು ಎಳೆಯುತ್ತದೆ. ಅವಳ ಮಣ್ಣು ಕುಗ್ಗುವುದು ಎಷ್ಟು, ನನ್ನ ತೊಗಲು ಕುಗ್ಗುವುದು ಎಷ್ಟು! ಅಟ್ಟದ ಮೇಲೆ ಹಲಗೆಗೆಂದು ಎತ್ತಿಟ್ಟಿದ್ದ ಎಮ್ಮೆಗರುವಿನ ತೊಗಲನ್ನು ಇಳಿಸಿ ನೀರಿಗೆ ಹಾಕಿದೆ. ಮೂರು ದಿನ ನೆನೆಸಿದೆ. ಧಣಿಯನ್ನು ಇಳಿಸಬೇಕೆಂದೋ, ಹುಲಿಗೆವ್ವನ ಕೈ ಉಳಿಸಬೇಕೆಂದೋ ಕೇಳಿದರೆ, ಆ ಮೂರು ದಿನ ನನ್ನ ತಲೆಯಲ್ಲಿದ್ದದ್ದು ಒಂದೇ: ಅವಳು ಎರಡು ಬೆರಳು ಇಳಿಸಿದ್ದರೆ ನಾನು ನಾಲ್ಕು ಇಳಿಸಬೇಕು. ಜೋಡಿ ಎಳೆಯಲ್ಲಿ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಎಳ್ಳಿನಷ್ಟು ಜಾಗ ಬಿಟ್ಟು ಹೊಲಿದೆ. ನನ್ನ ಜನ್ಮದಲ್ಲೇ ಅಂಥ ಹೊಲಿಗೆ ಹಾಕಿರಲಿಲ್ಲ.

ಹೇಳಿದ ದಿನ ಹಸಿಹಸಿಯಾಗೇ ಒಯ್ದೆ. "ಇದನ್ನ ಹಸೀದ ಕಟ್ಟಿಕೋಬೇಕ್ರೀ ಧಣೇರ. ಪಿಸ್ತೂಲು ಒಳಗಿಟ್ಟು, ಬಿಸಿಲಾಗ ಕುಂತು, ಮೈಮ್ಯಾಲ ಒಣಗಿಸ್ಬೇಕು. ಅಂದ್ರ ಹೊಂದತೈತಿ." ಧಣಿ ಅಂಗಳದ ನಡುವೆ ಕುರ್ಚಿ ಹಾಕಿಸಿ ಕೂತ. ಬೇಸಿಗೆಯ ಬಿಸಿಲು. ಗಳಿಗೆ ಕಳೆಯುವಷ್ಟರಲ್ಲಿ ತೊಗಲು ಬಿಗಿಯತೊಡಗಿತು. ಅವನಿಗೆ ಹೇಗನ್ನಿಸಿತೋ, ಕಣ್ಣು ಅರಳಿದವು. ಸೊಂಟ ಮುಟ್ಟಿ ನೋಡಿಕೊಂಡ. "ಗಾಳ್ಯಾ! ಬಿಗೀ ಆಗಾಕತೈತಲೇ!"

"ಹೌದ್ರೀ."

"ಬೆಳೀತೈತಿ! ಒಳಗ ಬೆಳೀತೈತಲೇ!"

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹುಟ್ಟಿದಾಗಿನಿಂದ ಬೆಳೆಯುವುದೊಂದನ್ನೇ ಬಲ್ಲ ಜನ. ಬಿಗಿಯೆಂದರೆ ಅವರಿಗೆ ಬೆಳವಣಿಗೆಯೇ. ಅವನು ಖುಷಿಯಲ್ಲಿ ಬೀದಿಗೆ ಕೇಳುವಂತೆ ಕೂಗಿದ. ಬಸವಂತಧಣಿ ಬಂದು ಕಾಂಪೌಂಡಿನಾಚೆ ನಿಂತು ನೋಡಿದ. ಇನ್ನಿಬ್ಬರು ಬಂದರು. ನೋಡಿ ನೋಡಿ ಹೋದರು. ಅವರ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿತ್ತು. ಅದನ್ನೇ ನಾನು ಒಂದು ವರ್ಷ ಉಂಡು ಮಲಗಿದ್ದೆ.

ಹೊತ್ತು ವಾಲುವಾಗ ಒರೆಯೊಳಗೆ ಶೇಂಗಾಕಾಯಿ ಒಡೆದಂಥ ಸಣ್ಣ ಸದ್ದಾಯಿತು. ಧಣಿ ಹಿಡಿಗೆ ಕೈ ಹಾಕಿದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಹಿಡಿ ಮಾತ್ರ ಕೈಗೆ ಬಂತು. ಒಳಗೆ ಉಳಿದದ್ದು ಕೂಸಿನ ಗಿಲಕಿಯಂತೆ ಪುಡಿಪುಡಿಯಾಗಿ ಅಲುಗಾಡಿತು. ಅವನು ಹಿಡಿಯನ್ನು ನೋಡಿ, ನನ್ನನ್ನು ನೋಡಿದ. ನಾನು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ, ಅದು ನನಗೇ ಆಮೇಲೆ ಗೊತ್ತಾಯಿತು.

"ನಿನ್ನ ಕೇರಿಗೇ ಬೆಂಕಿ ಹಚ್ಚಿಸ್ತೀನಿ" ಎಂದ, ಹಲ್ಲು ಕಚ್ಚಿ, ಮೆಲ್ಲಗೆ.

"ಹಚ್ಚಸ್ರಿ. ಯಾಕ ಹಚ್ಚಿಸಿದ್ರಿ ಅಂತ ಮಂದಿ ಕೇಳ್ತಾರ. ನೀವು ಹೇಳದಿದ್ರ ನಾ ಹೇಳ್ಬೇಕಾಗತೈತಿ. ನನ್ನ ಹೇಣತಿ ಕೈಗೆ ಒಂದು ಮುಳ್ಳು ಚುಚ್ಚಿದ್ರೂ ಹೇಳ್ತೀನಿ."

ಬೀದಿಯಲ್ಲಿ ಯಾರೋ ಕೆಮ್ಮಿದರು. ಧಣಿ ತಟ್ಟನೆ ಹಿಡಿಯನ್ನು ಒರೆಯ ಬಾಯಿಗೆ ತುರುಕಿ, ನೆಟ್ಟಗೆ ಕೂತು, ಮೀಸೆ ತಿರುವಿಕೊಂಡ. ಅವನು ಇಂದಿಗೂ ಹಾಗೆಯೇ ಓಡಾಡುತ್ತಾನೆ. ನಡೆಯುವಾಗ ಒರೆಯ ಮೇಲೆ ಕೈ ಒತ್ತಿಕೊಂಡಿರುತ್ತಾನೆ, ಗಿಲಕಿ ಸದ್ದಾಗದಿರಲೆಂದು.

ಮರುದಿನ ಹೊತ್ತೇರುವ ಮೊದಲೇ ಬಸವಂತಧಣಿ ನಮ್ಮ ಬೇಲಿಯ ಹತ್ತಿರ ನಿಂತಿದ್ದ. "ಗಾಳೆಪ್ಪಾ, ಅಮರೇಗ ಮಾಡಿದಂಥಾದ್ದ ನನಗೊಂದು" ಎಂದ, ಆಚೀಚೆ ನೋಡುತ್ತ. ಅವನ ಹಿಂದೆ ಇನ್ನೊಬ್ಬ. ಮೂರನೆಯವನು ಬೇವಿನ ಗಿಡದ ಮರೆಯಲ್ಲಿ, ಇವರಿಬ್ಬರೂ ಹೋಗಲೆಂದು ಕಾಯುತ್ತಿದ್ದ. ಪಿಸ್ತೂಲುಗಳೇ ಸಣ್ಣವಾಗಿದ್ದವು, ಆಡಿನ ತೊಗಲೇ ಸಾಕಾಗಿತ್ತು; ಕಟುಕರ ಅಂಗಡಿಯಿಂದ ಹಸಿಯದು ತಂದು ನೆನೆಹಾಕಿದೆ. ವಾರವಿಡೀ ಸಾಲು ನಿಲ್ಲಲಿಲ್ಲ. ಯಾರೂ ಹುಲಿಗೆವ್ವ ಎಂದು ಕರೆಯಲಿಲ್ಲ. ಅವಳ ಹಾಳೆಗಳು ಗೋಡೆಗೆ ಒರಗಿದ್ದವು, ಹಂಚಿನ ಮೇಲೆ ಬರೀ ರೊಟ್ಟಿ ಬೇಯುತ್ತಿತ್ತು. ಅವಳು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ನಾನು ಮಾಡಿದ್ದು ಅಷ್ಟು ಬೇಗ ಮರೆಯುವಂಥದೂ ಅಲ್ಲ, ಮರೆಯಲಿ ಎಂದು ಕೇಳುವ ಮುಖ ನನಗೂ ಇರಲಿಲ್ಲ.

ಬಸವಂತನ ಒರೆಗೆ ಕೊನೆಯ ಹೊಲಿಗೆ ಹಾಕುವಾಗ ಅವಳು ಬಂದು ಹಿಂದೆ ನಿಂತಳು. ನಿಂತೇ ಇದ್ದಳು. ಬಗ್ಗಿ, ಒರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಸಿ ತೊಗಲಿನ ಮೇಲೆ ಬೆರಳು ಆಡಿಸಿ, ಹೊಲಿಗೆಯ ಉದ್ದಕ್ಕೂ ಉಗುರು ಎಳೆದಳು. ಎಷ್ಟು ಕುಗ್ಗುತ್ತದೆ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದಾಳೆಂದು ತಿಳಿಯಿತು. ಅವಳ ಮೂಗಿನ ಹೊಳ್ಳೆ ಸಣ್ಣಗೆ ಅರಳಿತು. ಒರೆಯನ್ನು ನನ್ನ ಮಡಿಲಿಗೆ ಎಸೆದು, "ಹೊಲಿಗಿ ಸೊಟ್ಟಾಗೇತಿ" ಎಂದು ಒಳಗೆ ಹೋದಳು.

ಸೊಟ್ಟಾಗಿರಲಿಲ್ಲ.